ಕೋಟೆಯೊಳಗಿನ ತವರು

ನಮ್ಮ ಅವ್ವನ ತವರುಮನೆ ಮಳಖೇಡದ ಕೋಟೆಯೊಳಗಿತ್ತು. ಕಲಬುರಗಿಯಿಂದ ಸೇಡಂ ಕಡೆ ಹೊರಟರೆ ಸುಮಾರು 40 ಕಿಲೋಮೀಟರಿಗೆ ಕಾಗಿಣಾ ನದಿ ಸಿಗುತ್ತದೆ. ಬೇಸಿಗೆ ಸೂಟಿಗೆ ಹೋದಾಗ ಅಲ್ಲಿಯೇ ಬಸ್ಸಿಳಿದು ಗಂಟು ಹೊತ್ತು ನಡೆಯುತ್ತಿದ್ದೆವು. ಅಗಸಿ ದಾಟಿದರೆ ಒಳಗೆ ಓಣಿ, ಮನೆ, ದನ, ತೊಗರಿಕಟ್ಟಿಗೆಯ ರಾಶಿ, ಬಾವಿಗೆ ನೀರಿಗೆ ಹೊರಟ ಹೆಣ್ಣುಮಕ್ಕಳು. ನಮ್ಮ ಪಾಲಿಗೆ ಕೋಟೆ ಎಂದರೆ ನೋಡಲು ಹೋಗುವ ಜಾಗ ಆಗಿರಲಿಲ್ಲ. ಉಂಡು ಮಲಗುವ ಊರು ಆಗಿತ್ತು. ಬುರುಜಿನ ಮೇಲೆ ಹತ್ತಿ ಗಾಳಿಪಟ ಬಿಡುತ್ತಿದ್ದೆವು. ಕಾಗಿಣಾದಲ್ಲಿ ಎಮ್ಮೆ ತೊಳೆಯುತ್ತಿದ್ದ ಮಾಮಾನ ಧ್ವನಿ ಅಲ್ಲಿಗೆ ಕೇಳುತ್ತಿತ್ತು.

ಮುತ್ಯಾನ ಮನೆಯ ಹಿತ್ತಲ ಗೋಡೆಯಲ್ಲಿ ಒಂದು ಕಲ್ಲು ಉಳಿದ ಕಲ್ಲುಗಳಂತೆ ಇರಲಿಲ್ಲ. ಅದರ ಮೇಲೆ ಅರ್ಧ ಒಡೆದ ತಾವರೆ ಇತ್ತು. ಒಮ್ಮೆ ಕೇಳಿದೆ, "ಮುತ್ಯಾ, ಇದು ಯಾರು ಮಾಡ್ಯಾರ?"

"ಹಿಂದಿನವರು ಮಾಡ್ಯಾರ ತಮ್ಮಾ. ಕೋಟಿ ಬಿದ್ದಾಗ ಕಲ್ಲು ಬಿದ್ದಾವ. ಬಿದ್ದ ಕಲ್ಲ ತಂದು ನಮ್ಮ ಮುತ್ಯಾ ಗ್ವಾಡಿ ಕಟ್ಯಾನ. ಕಲ್ಲ ಹಾಳ ಮಾಡಬಾರದು."

ಕಲ್ಲನ್ನು ಹಾಳು ಮಾಡಬಾರದು ಎಂಬ ಆ ಮಾತನ್ನು ನಾನು ಬಹಳ ವರ್ಷ ಎರಡು ಮನಸ್ಸಿನಿಂದ ನೆನೆದಿದ್ದೇನೆ. ಒಂದು ಮನಸ್ಸು ಹೇಳುತ್ತದೆ: ಕೋಟೆಯ ಕಲ್ಲು ಕಿತ್ತು ಮನೆ ಕಟ್ಟಿದ್ದರಿಂದಲೇ ಅಲ್ಲವೇ ಕೋಟೆ ಕರಗಿದ್ದು. ಇನ್ನೊಂದು ಮನಸ್ಸು ಹೇಳುತ್ತದೆ: ಆ ತಾವರೆ ಇವತ್ತಿಗೂ ಉಳಿದಿದ್ದರೆ ಅದು ಒಬ್ಬ ಬಡ ರೈತನ ಗೋಡೆಯಲ್ಲಿ ನಿಂತದ್ದರಿಂದಲೇ. ನಮ್ಮ ಸೀಮೆಯ ಇಡೀ ಕಥೆ ಈ ಎರಡು ಮಾತುಗಳ ನಡುವೆ ಇದೆ.

ಈ ಮಳಖೇಡವೇ ಮಾನ್ಯಖೇಟ ಎಂದು ನಮಗೆ ಹೇಳಿಕೊಟ್ಟವರು ಸಾಲಿಯ ಮಾಸ್ತರರು. ಪಾಠದ ಪುಸ್ತಕದಲ್ಲಿ ಅದು ಒಂದೆರಡು ಸಾಲಿನ ವಿಷಯ. ಮಾಸ್ತರರು ಮಾತ್ರ ಆ ದಿನ ಪುಸ್ತಕ ಮುಚ್ಚಿಟ್ಟು ಮಾತಾಡಿದರು. ಅಮೋಘವರ್ಷ ನೃಪತುಂಗ 814ರಿಂದ 878ರವರೆಗೆ, ಅರವತ್ತಕ್ಕೂ ಹೆಚ್ಚು ವರ್ಷ ಆಳಿದ ದೊರೆ. ರಾಷ್ಟ್ರಕೂಟರ ರಾಜಧಾನಿಯಾಗಿ ಮಾನ್ಯಖೇಟವನ್ನು ಬೆಳೆಸಿದವನು ಅವನೇ. 851ರ ಸುಮಾರಿಗೆ ಬರೆದ ಅರಬ ವ್ಯಾಪಾರಿ ಸುಲೈಮಾನ ಲೋಕದ ನಾಲ್ಕು ದೊಡ್ಡ ಅರಸರ ಹೆಸರು ಹೇಳುವಾಗ ಬಾಗ್ದಾದಿನ ಖಲೀಫ, ಚೀನಾದ ಚಕ್ರವರ್ತಿ, ರೂಮಿನ ದೊರೆ ಇವರ ಜೊತೆಗೆ 'ಬಲ್ಹರಾ'ನನ್ನು ಸೇರಿಸಿದ. ವಲ್ಲಭರಾಜ ಎಂಬ ನಮ್ಮ ಅರಸರ ಬಿರುದು ಅರಬರ ಬಾಯಲ್ಲಿ ಹಾಗಾಗಿತ್ತು. ಆ ದೊರೆ ಪ್ರಜೆಗಳಿಗೆ ಬಂದ ಆಪತ್ತು ಕಳೆಯಲೆಂದು ತನ್ನ ಬೆರಳನ್ನು ಮಹಾಲಕ್ಷ್ಮಿಗೆ ಕತ್ತರಿಸಿ ಕೊಟ್ಟ ಎಂದು ಸಂಜಾನದ ತಾಮ್ರಪಟ ಹೇಳುತ್ತದೆ. ಮಾಸ್ತರರು ಅದನ್ನು ಹೇಳಿದಾಗ ನಮ್ಮಲ್ಲಿ ಎಷ್ಟೋ ಹುಡುಗರು ಸುಮ್ಮನೆ ತಮ್ಮ ಬೆರಳು ನೋಡಿಕೊಂಡಿದ್ದರು.

ಅವತ್ತು ಮನೆಗೆ ಬಂದು ಅವ್ವನಿಗೆ, "ನಿಮ್ಮೂರು ರಾಜಧಾನಿ ಇತ್ತಂತ" ಎಂದೆ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತ, "ಇದ್ದಿರಬೇಕು. ಅಷ್ಟು ದೊಡ್ಡ ಅಗಸಿ ಸುಮ್ಮ ಯಾರು ಕಟ್ತಾರ?" ಎಂದಳು. ಅವಳ ದನಿಯಲ್ಲಿ ಬೆರಗು ಇರಲಿಲ್ಲ, ಭರವಸೆ ಇತ್ತು. ತವರಿನ ಬಗ್ಗೆ ತನಗೆ ಮೊದಲೇ ಗೊತ್ತಿದ್ದುದನ್ನು ಮಗ ಸಾಲಿಯಲ್ಲಿ ಕಲಿತು ಬಂದಿದ್ದಾನೆ ಎಂಬ ಭರವಸೆ.

ಮುಂದೆ ಕಲಬುರಗಿಯಲ್ಲಿ ಓದುವಾಗ ಆ ಊರಿನ ನಿಜವಾದ ಎತ್ತರ ತಿಳಿಯುತ್ತ ಹೋಯಿತು. ಕನ್ನಡದಲ್ಲಿ ಇಂದು ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಕೃತಿ 'ಕವಿರಾಜಮಾರ್ಗ' ನೃಪತುಂಗನ ಆಸ್ಥಾನದಲ್ಲಿ, ಶ್ರೀವಿಜಯನ ಕೈಯಲ್ಲಿ ರೂಪುಗೊಂಡಿತು. ಮಹಾವೀರಾಚಾರ್ಯರ 'ಗಣಿತಸಾರಸಂಗ್ರಹ' ಅದೇ ಅರಸನನ್ನು ಹೊಗಳುತ್ತ ಆರಂಭವಾಗುತ್ತದೆ. ಶಾಕಟಾಯನ ತನ್ನ ವ್ಯಾಕರಣಕ್ಕೆ ತಾನೇ ಬರೆದ ವೃತ್ತಿಗೆ ದೊರೆಯ ಹೆಸರಿಟ್ಟು 'ಅಮೋಘವೃತ್ತಿ' ಎಂದು ಕರೆದ. ನೂರು ವರ್ಷದ ನಂತರ ಮೂರನೆಯ ಕೃಷ್ಣನ ಕಾಲದಲ್ಲಿ ಪೊನ್ನ ಇಲ್ಲಿ ಕನ್ನಡದಲ್ಲಿ ಬರೆದರೆ, ಪುಷ್ಪದಂತ ಇದೇ ಊರಿನಲ್ಲಿ ಅಪಭ್ರಂಶ ಭಾಷೆಯಲ್ಲಿ 'ಮಹಾಪುರಾಣ'ವನ್ನು 965ರಲ್ಲಿ ಮುಗಿಸಿದ. ಸಂಸ್ಕೃತ, ಪ್ರಾಕೃತ, ಅಪಭ್ರಂಶ, ಕನ್ನಡ ಎಲ್ಲವೂ ಒಂದೇ ನದಿಯ ದಂಡೆಯಲ್ಲಿ ಉಸಿರಾಡಿದವು.

ಉರ್ದು, ತೆಲುಗು, ಮರಾಠಿ ಬೆರೆಸಿ ಮಾತಾಡುವ ನಮ್ಮನ್ನು ಬೆಂಗಳೂರಿನಲ್ಲಿ ಕೆಲವರು ಕನ್ನಡ ಬರದವರಂತೆ ನೋಡಿದಾಗಲೆಲ್ಲ ನನಗೆ ಈ ಊರು ನೆನಪಾಗುತ್ತಿತ್ತು. ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಹೇಳುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳನ್ನು ಹೆಸರಿಸುತ್ತದೆ. ತನ್ನ ರಾಜಧಾನಿಯನ್ನು ಅಲ್ಲಿ ಸೇರಿಸಿಕೊಳ್ಳುವುದಿಲ್ಲ. ಕನ್ನಡದೊಳಗೆ ಹಲವು ಕನ್ನಡಗಳಿವೆ ಎಂದು ಒಪ್ಪಿಕೊಂಡ ದೊಡ್ಡ ಮನಸ್ಸು ಅದು. ಅಂಥ ಪುಸ್ತಕ ಹಲವು ಭಾಷೆಗಳ ಊರಿನಲ್ಲಿ ಹುಟ್ಟಿದ್ದು ಆಶ್ಚರ್ಯವಲ್ಲ. ನಮ್ಮ ಬೆರಕೆ ಮಾತಿಗೆ ಸಾವಿರ ವರ್ಷದ ಮನೆತನ ಇದೆ.

972ರಲ್ಲಿ ಮಾಳವದ ಪರಮಾರ ಸೀಯಕ ಮಾನ್ಯಖೇಟವನ್ನು ಲೂಟಿ ಮಾಡಿದ. ಧಾರಾನಗರದ ಅರಸನ ಕೋಪದಲ್ಲಿ ಊರು ಸುಟ್ಟುಹೋಯಿತು, ಇನ್ನು ತಾನು ಎಲ್ಲಿ ಇರಬೇಕು ಎಂದು ಪುಷ್ಪದಂತ ಮರುಗಿದ್ದು ಅವನ ಕಾವ್ಯದ ಹಸ್ತಪ್ರತಿಯಲ್ಲಿ ಉಳಿದುಬಂದಿದೆ. ಮರುವರ್ಷವೇ ಚಾಲುಕ್ಯ ತೈಲಪ ರಾಷ್ಟ್ರಕೂಟರ ಕೈಯಿಂದ ಅಧಿಕಾರ ಕಿತ್ತುಕೊಂಡ. ಕೆಲಕಾಲ ಇಲ್ಲಿಂದಲೇ ಆಳಿದ ಚಾಲುಕ್ಯರು ಒಂದನೆಯ ಸೋಮೇಶ್ವರನ ಕಾಲಕ್ಕೆ ಕಲ್ಯಾಣಕ್ಕೆ ಹೋದರು. ಅರಸರು ಹೋದರು, ಊರು ಹೋಗಲಿಲ್ಲ. ನೇಮಿನಾಥ ಬಸದಿಯಲ್ಲಿ ಪೂಜೆ ನಿಲ್ಲಲಿಲ್ಲ. ಜಯತೀರ್ಥರ, ಅಂದರೆ ಟೀಕಾಚಾರ್ಯರ ಬೃಂದಾವನವೆಂದು ಭಕ್ತರು ನಡೆದುಕೊಳ್ಳುವ ಉತ್ತರಾದಿ ಮಠಕ್ಕೆ ಆಷಾಢ ಬಹುಳ ಪಂಚಮಿಯ ಆರಾಧನೆಗೆ ಜನ ದೂರದಿಂದ ಬರುತ್ತಾರೆ. ದರ್ಗಾಕ್ಕೆ ಎಲ್ಲ ಜಾತಿಯವರೂ ಸಕ್ಕರೆ ಓದಿಸುತ್ತಾರೆ. ಇಂದು ಕಾಣುವ ಕೋಟೆಯ ಗೋಡೆಗಳಲ್ಲಿ ಒಂದೇ ವಂಶದ ಕೈಯಿಲ್ಲ, ಹಲವು ಕಾಲದ ಕೈಗಳಿವೆ. ಕಟ್ಟಕಡೆಯ ಕೈ ನಮ್ಮ ಮುತ್ಯಾನಂಥವರದು.

ಮಳಖೇಡ ಒಂದು ಕಡೆ ಇದ್ದರೆ ನಮ್ಮ ಮನೆ ಇನ್ನೊಂದು ಕಡೆ, ಶಹಾಬಾದಿನ ಹತ್ತಿರದ ಹಳ್ಳಿಯಲ್ಲಿತ್ತು. ಕಾಗಿಣಾ ಮಳಖೇಡ ದಾಟಿ ಹರಿದು ಹೊನಗುಂಟಾದಲ್ಲಿ ಭೀಮೆಯನ್ನು ಕೂಡುವುದು ನಮ್ಮ ಕಡೆಯಲ್ಲಿ. ಅಪ್ಪ ಫರ್ಸಿ ಖಣಿಯಲ್ಲಿ ಕೆಲಸ ಮಾಡುತ್ತಿದ್ದರು. ಶಹಾಬಾದ ಕಲ್ಲು ಎಂದರೆ ಮುಂಬೈ, ಹೈದರಾಬಾದು, ಪುಣೆಯ ಎಷ್ಟೋ ಮನೆಗಳ ನೆಲ. ನಮ್ಮ ನೆಲದೊಳಗೆ ಸುಣ್ಣದಕಲ್ಲು ಪದರ ಪದರವಾಗಿ, ಜೋಡಿಸಿಟ್ಟ ರೊಟ್ಟಿಯ ಹಾಗೆ ಮಲಗಿದೆ. ಮೇಲಿನ ಕರಿಮಣ್ಣು ಸರಿಸಿ, ಉಳಿಯಿಂದ ಗೆರೆ ಹೊಡೆದು, ಹಾರಿ ತೂರಿಸಿ, ಪದರ ಎಬ್ಬಿಸಬೇಕು. ಎಲ್ಲಿ ಹೊಡೆದರೆ ಎಲ್ಲಿ ಬಿರಿಯುತ್ತದೆ ಎಂದು ಅಪ್ಪನಿಗೆ ಕಿವಿಯಿಂದ ಗೊತ್ತಾಗುತ್ತಿತ್ತು. ಸುತ್ತಿಗೆಯ ಸಪ್ಪಳ ಕೇಳಿ, "ಇದು ಒಳಗ ಸೀಳ್ಯದ, ಬಿಡು" ಎನ್ನುತ್ತಿದ್ದರು. ಆ ಕಲ್ಲೇ ನಮ್ಮ ಮನೆಯ ಗೋಡೆ, ಆ ಕಲ್ಲೇ ಮಾಳಿಗೆ, ಆ ಕಲ್ಲೇ ನೆಲ. ಮೇ ತಿಂಗಳ ಬಿಸಿಲಿಗೆ ಇಡೀ ಮನೆಯವರು ಮಧ್ಯಾಹ್ನ ಬರಿ ಫರ್ಸಿಯ ಮೇಲೆ ಮಲಗುತ್ತಿದ್ದೆವು.

ಈ ಕಲ್ಲಿನ ಸುತ್ತಲೇ ನಮ್ಮ ಪಟ್ಟಣಗಳು ಬೆಳೆದವು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮನ ರೈಲು ಹೊರಟ ಮೇಲೆ ವಾಡಿ ಜಂಕ್ಷನ್ ಆಯಿತು. ಶಹಾಬಾದಿಗೆ ನಿಜಾಮರ ಕಾಲದಲ್ಲೇ ಸಿಮೆಂಟ್ ಕಾರ್ಖಾನೆ ಬಂತು. ವಾಡಿಯಲ್ಲಿ 1968ರಲ್ಲಿ ಎಸಿಸಿ ಕಾರ್ಖಾನೆ ಶುರುವಾಯಿತು. ಎಂಬತ್ತರ ದಶಕದಲ್ಲಿ ಸೇಡಂ ಮತ್ತು ಮಳಖೇಡದ ಸುತ್ತ ಹೊಸ ಕಾರ್ಖಾನೆಗಳ ಚಿಮಣಿಗಳು ಎದ್ದವು. ಆ ಕಾಲದ ಸಂಭ್ರಮ ನನಗೆ ಚೆನ್ನಾಗಿ ನೆನಪಿದೆ. ನಮ್ಮ ಮಾಮಾ ಮೊದಲ ಸಲ ತಿಂಗಳ ಪಗಾರ ತಂದು ಆಯಿಯ ಕೈಗಿಟ್ಟ ದಿನ ಮನೆಯಲ್ಲಿ ಹೋಳಿಗೆ ಆಯಿತು. ಮಳೆ ಬಂದರೆ ತೊಗರಿ, ಬರದಿದ್ದರೆ ಮುಂಬೈಗೆ ಗುಳೆ ಎಂದು ಬದುಕಿದ ಮನೆತನಕ್ಕೆ ತಿಂಗಳಿಗೊಮ್ಮೆ ತಪ್ಪದೆ ಬರುವ ದುಡ್ಡು ಎಂಥದು ಎಂದು ಬೇರೆಯವರಿಗೆ ಹೇಳಿ ತಿಳಿಸುವುದು ಕಷ್ಟ. ಆ ಪಗಾರದಿಂದ ನಮ್ಮ ಚಿಕ್ಕವ್ವನ ಮದುವೆ ಆಯಿತು, ಮಾಮಾನ ಮಕ್ಕಳು ಕಾಲೇಜು ಕಂಡರು. ಸಿಮೆಂಟನ್ನು ಬರಿ ಶಾಪವೆಂದು ಬರೆಯುವವರ ಜೊತೆ ನಾನು ಇದಕ್ಕಾಗಿಯೇ ನಿಲ್ಲಲಾರೆ.

ಆದರೆ ಕಾಲ ಕಳೆದಂತೆ ಉಳಿದ ಲೆಕ್ಕವೂ ಕಣ್ಣಿಗೆ ಬಿತ್ತು. ಸುಣ್ಣದಕಲ್ಲನ್ನು ಪುಡಿ ಮಾಡಿ 1,450 ಡಿಗ್ರಿಯ ಭಟ್ಟಿಯಲ್ಲಿ ಸುಟ್ಟರೆ ಕ್ಲಿಂಕರ್ ಆಗುತ್ತದೆ. ಒಂದು ಟನ್ ಕ್ಲಿಂಕರಿಗೆ ಹೆಚ್ಚುಕಡಿಮೆ ಒಂದೂವರೆ ಟನ್ ಕಲ್ಲು ಬೇಕು. ಅಪ್ಪನ ಕಾಲದಲ್ಲಿ ಪದರ ಎಬ್ಬಿಸಿ ಬಿಡುತ್ತಿದ್ದ ನೆಲವನ್ನು ಈಗ ಯಂತ್ರಗಳು ಆಳದವರೆಗೆ ತೆಗೆಯುತ್ತವೆ. ಬಿತ್ತುವ ಹೊಲ ಒಮ್ಮೆ ಖಣಿಯಾದರೆ ಮತ್ತೆ ಹೊಲವಾಗುವುದಿಲ್ಲ. ಹೊಲ ಮಾರಿದ ದುಡ್ಡು ಒಂದು ತಲೆಮಾರಿಗೂ ಸಾಲದ ಮನೆಗಳನ್ನು ನಾನು ಕಂಡಿದ್ದೇನೆ. ಮಾಳಿಗೆಯ ಮೇಲೆ ಒಣಗಲು ಹಾಕಿದ ಶಾಂಡಿಗೆಯ ಮೇಲೆ ಬೂದಿಬಣ್ಣದ ಧೂಳು ಕೂಡುವುದನ್ನು ನೋಡಿ ಆಯಿ ನಿಟ್ಟುಸಿರು ಬಿಟ್ಟದ್ದೂ ನೆನಪಿದೆ. ಕಾರ್ಖಾನೆಗಳು ಶಾಶ್ವತವೂ ಅಲ್ಲ. ಶಹಾಬಾದಿನಲ್ಲಿ ಸೈರನ್ನಿಗೆ ಗಡಿಯಾರ ಹೊಂದಿಸಿಕೊಂಡು ಬದುಕಿದ ಓಣಿಗಳು ಕಾರ್ಖಾನೆ ಮುಚ್ಚಿದ ಮೇಲೆ ಹೇಗೆ ಖಾಲಿಯಾದವು ಎಂಬುದನ್ನು ನಾವೆಲ್ಲ ನೋಡಿದ್ದೇವೆ. ಸಾಮ್ರಾಜ್ಯಕ್ಕೆ ಆದದ್ದೇ ಕಾರ್ಖಾನೆಗೂ ಆಗುತ್ತದೆ. ಎರಡರ ನಂತರವೂ ಅಲ್ಲಿಯೇ ಉಳಿದು ಬದುಕಬೇಕಾದವರು ಊರಿನ ಜನ.

ದುಡಿಮೆ ಸಿಕ್ಕ ಮೇಲೆ ನಾನು ನಮ್ಮ ಸೀಮೆಯ ಹಳೆಯ ಜಾಗಗಳನ್ನು ಹುಡುಕಿಕೊಂಡು ಹೋಗತೊಡಗಿದೆ. ಚಿತ್ತಾಪುರದ ಪಕ್ಕದ ನಾಗಾವಿಗೆ ಹೋದದ್ದು ಮೊದಲು. ಜನ ಅಲ್ಲಿ ಬರುವುದು ಯಲ್ಲಮ್ಮನ ದರ್ಶನಕ್ಕೆ. ಅರವತ್ತು ಕಂಬದ ಗುಡಿಯ ನೆರಳಿನಲ್ಲಿ ಕುರಿ ಕಾಯುವ ಹುಡುಗರು ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ಇದೇ ಜಾಗದ 1058ರ ಶಾಸನ ಇಲ್ಲೊಂದು ಘಟಿಕಾಸ್ಥಾನ ಇತ್ತೆಂದು ಹೇಳುತ್ತದೆ: ವೇದ ಕಲಿಯುವ 200 ವಿದ್ಯಾರ್ಥಿಗಳು, ಶಾಸ್ತ್ರ ಕಲಿಯುವ 52 ವಿದ್ಯಾರ್ಥಿಗಳು, ಅವರಿಗೆ ಕಲಿಸುವವರು, ಮತ್ತು ಪುಸ್ತಕ ಕಾಯುವ ಆರು ಸರಸ್ವತೀ ಭಂಡಾರಿಗರು. ಗ್ರಂಥಾಲಯಕ್ಕೆ ಆರು ಜನ! 2002ರಲ್ಲಿ ನಂಜುಂಡಪ್ಪ ಸಮಿತಿ ರಾಜ್ಯದ 39 ಅತ್ಯಂತ ಹಿಂದುಳಿದ ತಾಲೂಕುಗಳನ್ನು ಗುರುತಿಸಿದಾಗ ಅವುಗಳಲ್ಲಿ 21 ಕಲಬುರಗಿ ವಿಭಾಗದವೇ ಆಗಿದ್ದವು. ಆ ವರದಿಯನ್ನು ಮತ್ತು ಈ ಶಾಸನವನ್ನು ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಂಡು ಆ ಕಂಬಗಳ ನಡುವೆ ನಿಂತಾಗ ನನ್ನ ಕಣ್ಣು ತುಂಬಿತು. ಹಿಂದುಳಿಯುವುದು ಈ ಮಣ್ಣಿನ ಗುಣವಲ್ಲ. ಯಾವುದೋ ಕಾಲದಲ್ಲಿ ಯಾರೋ ಖರ್ಚು ಮಾಡಿದ್ದರು, ಆಗ ಇಲ್ಲಿ ವಿದ್ಯೆ ಬೆಳೆದಿತ್ತು. ಖರ್ಚು ಮಾಡುವವರು ಇಲ್ಲದಾದಾಗ ಅದು ನಿಂತುಹೋಯಿತು.

ಸನ್ನತಿಗೆ ಹೋದಾಗ ಇನ್ನೊಂದು ವಿಷಯ ತಿಳಿಯಿತು. ಭೀಮೆಯ ದಂಡೆಯ ಈ ಊರು ಚಂದ್ರಲಾಂಬೆಯ ಕ್ಷೇತ್ರ. ಕಲಬುರಗಿಯ ಎಷ್ಟೋ ಮನೆಗಳಿಗೆ ಕುಲದೇವಿ ಅವಳು. 1986ರಲ್ಲಿ ಅದೇ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಬ್ರಾಹ್ಮಿ ಅಕ್ಷರಗಳು ಕಂಡವು. ಅವು ಅಶೋಕನ ಶಾಸನಗಳು. ವಿಗ್ರಹ ಕೂಡಿಸಲು ನಡುವೆ ಚೌಕಾಕಾರದ ತೂತು ಕೊರೆದಿದ್ದರಿಂದ ಒಂದಷ್ಟು ಅಕ್ಷರ ಹೋಗಿವೆ. ಕಲ್ಲು ಪೀಠವಾಗಿ ಗುಡಿಯೊಳಗೆ ಇದ್ದುದರಿಂದ ಉಳಿದ ಅಕ್ಷರ ಬದುಕಿವೆ. ಪಕ್ಕದ ಕನಗನಹಳ್ಳಿಯಲ್ಲಿ 1994ರಿಂದ ನಡೆದ ಉತ್ಖನನದಲ್ಲಿ ದೊಡ್ಡ ಸ್ತೂಪದ ಅವಶೇಷಗಳು ಸಿಕ್ಕವು. ಶಿಲ್ಪದಲ್ಲಿ ರಾಣಿಯ ಜೊತೆ ನಿಂತ ರಾಜ, ಜೊತೆಗೆ 'ರಾಯಾ ಅಸೋಕೋ' ಎಂಬ ಹೆಸರು. ಅಶೋಕನ ರೂಪವೆಂದು ಹೆಸರಿನ ಸಹಿತ ಗುರುತಿಸಲು ಸಾಧ್ಯವಾದ ಶಿಲ್ಪ ಸಿಕ್ಕಿದ್ದು ನಮ್ಮ ಚಿತ್ತಾಪುರ ತಾಲೂಕಿನ ಹೊಲದಲ್ಲಿ. ಅದನ್ನು ಕೆತ್ತಿದ್ದು ಸುಣ್ಣದಕಲ್ಲಿನ ಚಪ್ಪಡಿಯಲ್ಲಿ. ಅಪ್ಪ ಎಬ್ಬಿಸುತ್ತಿದ್ದ ಜಾತಿಯ ಕಲ್ಲು. ಅಲ್ಲಿ ನಿಂತು ನಾನು ಅಪ್ಪನ ಕೈಗಳನ್ನು ನೆನೆಸಿಕೊಂಡೆ. ಎರಡು ಸಾವಿರ ವರ್ಷದ ಹಿಂದೆ ಆ ಶಿಲ್ಪಕ್ಕೆ ಚಪ್ಪಡಿ ಆರಿಸಿದವನೂ ಸುತ್ತಿಗೆಯ ಸಪ್ಪಳ ಕೇಳಿಯೇ ಆರಿಸಿದ್ದಾನು.

ಅಲ್ಲಿಂದ ಮುಂದೆ ನನಗೆ ಚರಿತ್ರೆ ಒಂದು ಕಡೆ, ಹೊಟ್ಟೆಪಾಡು ಇನ್ನೊಂದು ಕಡೆ ಎಂದು ಕಾಣಲೇ ಇಲ್ಲ. ಸ್ತೂಪ ಆದದ್ದು, ಕೋಟೆ ಆದದ್ದು, ಮುತ್ಯಾನ ಹಿತ್ತಲ ಗೋಡೆ ಆದದ್ದು, ಈಗ ಸಿಮೆಂಟಿನ ಚೀಲ ಆಗುತ್ತಿರುವುದು ಎಲ್ಲವೂ ಇದೇ ಕಲ್ಲು. ಜಗಳ ಇರುವುದು ಹಳತಿಗೂ ಹೊಸತಿಗೂ ನಡುವೆ ಅಲ್ಲ. ಈ ಕಲ್ಲಿನಿಂದ ಬಂದದ್ದರಲ್ಲಿ ಇಲ್ಲಿಯವರಿಗೆ ಪಾಲು ಎಷ್ಟು ಎಂಬುದರಲ್ಲಿ ಇದೆ. ರಾಜಧಾನಿಯ ಹೆಸರು ಭಾಷಣಗಳಿಗೆ ಹೋಯಿತು, ಕಲ್ಲಿನ ಬೆಲೆ ಊರ ಹೊರಗೆ ಹೋಯಿತು. ಧೂಳು ಮತ್ತು ನಿರ್ಬಂಧ ಮಾತ್ರ ಊರಿಗೆ ಉಳಿಯಿತು.

ನಿರ್ಬಂಧದ ಮಾತು ಹಗುರವಲ್ಲ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದಿಂದ 100 ಮೀಟರಿನೊಳಗೆ ಹೊಸದಾಗಿ ಕಟ್ಟುವಂತಿಲ್ಲ; ಅದರಾಚೆಯ 200 ಮೀಟರಿನಲ್ಲಿ ಅನುಮತಿ ಬೇಕು. ಕಾನೂನಿನ ಉದ್ದೇಶ ಒಳ್ಳೆಯದೇ. ಆದರೆ ಮಗನ ಮದುವೆಗೆ ಒಂದು ಕೋಣೆ ಹಾಕಲು ಯಾವ ಕಚೇರಿಗೆ ಯಾವ ಕಾಗದ ಹಿಡಿದು ಹೋಗಬೇಕೆಂದು ತಿಳಿಯದ ರೈತನಿಗೆ ಸ್ಮಾರಕ ಎಂದರೆ ಬೇಲಿ ಎಂದಷ್ಟೇ ಅರ್ಥವಾಗುತ್ತದೆ. ಚಿಂಚೋಳಿಯಲ್ಲಿಯೂ ಇದೇ ಮಾತು ಕೇಳಿದ್ದೇನೆ. ಚಂದ್ರಂಪಳ್ಳಿಯ ನೀರು, ಎತ್ತಿಪೋತದ ಝರಿ, ಬಯಲುಸೀಮೆಯಲ್ಲಿ ಅಪರೂಪವಾದ ಆ ಕಾಡು ವನ್ಯಜೀವಿಧಾಮವಾದದ್ದು ನಮಗೆಲ್ಲ ಹೆಮ್ಮೆ. ಕಾಡಿನೊಳಗಿನ ತಾಂಡಾದವರು ಮಾತ್ರ ಕೇಳುತ್ತಾರೆ: "ಇಷ್ಟು ದಿನ ಈ ಕಾಡ ಉಳಿಸಿದವರು ಯಾರ್ರೀ? ಈಗ ನಾವ ಹೊರಗಿನವರಾ?" ಕೋಟೆಯೊಳಗಿನ ಅವ್ವನ ತವರಿನವರದೂ ಅದೇ ಪ್ರಶ್ನೆ. ಮಾಮಾ ಒಮ್ಮೆ ನನಗೆ ನೇರವಾಗಿ ಹೇಳಿದ, "ಅಳಿಯಾ, ಕೋಟಿ ನೋಡಾಕ ಬರವ್ರು ಕಲ್ಲಿನ ಫೋಟೋ ತಗೀತಾರ. ಮಳಿಗಾಲದಾಗ ಗ್ವಾಡಿ ಕುಸಿದರ ನಾವೇ ಹೆದರಿ ಮಲಗೂದು."

ಅವನ ಮಾತು ಸತ್ಯ. ಕಾಗಿಣಾಕ್ಕೆ ಪ್ರವಾಹ ಬಂದಾಗ ಮಳಖೇಡದ ಸೇತುವೆ ಮುಳುಗುತ್ತದೆ, ಮಠದ ಅಂಗಳಕ್ಕೂ ನೀರು ನುಗ್ಗುತ್ತದೆ. 2020ರ ಅಕ್ಟೋಬರಿನಲ್ಲಿ ನಾವೆಲ್ಲ ಅದನ್ನು ಕಂಡೆವು. ನೆನೆದ ಹಳೆಯ ಗೋಡೆ ಬೀಳುವುದು ಅಂಥ ಹೊತ್ತಿನಲ್ಲಿ. ಆಮೇಲೆ ದುರಸ್ತಿ ಎಂದರೆ ಮೊದಲು ನೆನಪಿಗೆ ಬರುವುದು ಕೈಗೆ ಸುಲಭವಾಗಿ ಸಿಗುವ ಸಿಮೆಂಟು. ಅಪ್ಪ ಇದನ್ನು ಒಪ್ಪುತ್ತಿರಲಿಲ್ಲ. ಹಳೆಯ ಗೋಡೆ ಸುಣ್ಣದ ಗಾರೆಯದು. ಅದು ತೇವ ಹೀರುತ್ತದೆ, ಬಿಡುತ್ತದೆ. ಸಿಮೆಂಟಿನ ಗಿಲಾವು ಮೇಲೆ ಬಿಗಿದು ಕೂತರೆ ಒಳಗಿನ ನೀರಿಗೆ ಹೊರಬರಲು ದಾರಿಯಿಲ್ಲ. ಉಪ್ಪು ಹೊತ್ತ ತೇವ ಕಲ್ಲನ್ನೇ ತಿನ್ನುತ್ತದೆ. "ಸುಣ್ಣದಕಲ್ಲಿಗೆ ಸುಣ್ಣನ ಔಷಧ" ಎನ್ನುತ್ತಿದ್ದರು ಅಪ್ಪ. ಸ್ಮಾರಕಗಳ ತಜ್ಞರು ಪುಸ್ತಕದಲ್ಲಿ ಹೇಳುವುದೂ ಇದನ್ನೇ. ಈ ಜ್ಞಾನ ನಮ್ಮ ಖಣಿಗಳ ಮುದುಕರ ಕೈಯಲ್ಲಿ ಇನ್ನೂ ಇದೆ. ಅವರನ್ನು ಕರೆದು ಕೋಟೆಯ ಕೆಲಸಕ್ಕೆ ಹಚ್ಚಬೇಕು, ಅವರ ಮಕ್ಕಳಿಗೆ ಆ ಕೆಲಸ ಕಲಿಸಬೇಕು, ಅದಕ್ಕೆ ಸರಿಯಾದ ಪಗಾರ ಕೊಡಬೇಕು. ಮಳಖೇಡದ ಕೋಟೆ ಉಳಿಯುವುದಿದ್ದರೆ ಹೀಗೆ ಉಳಿಯುತ್ತದೆ ಎಂದು ನಾನು ನಂಬಿದ್ದೇನೆ.

ಇನ್ನೂ ಕೆಲವು ಮಾತುಗಳನ್ನು ಈ ವಯಸ್ಸಿನಲ್ಲಿ ಬಿಚ್ಚಿ ಹೇಳಬೇಕೆನಿಸುತ್ತದೆ. ಹೊಸ ಖಣಿ ತೆರೆಯುವ ಮೊದಲು ಆ ನೆಲದಲ್ಲಿ ಶಾಸನ, ವೀರಗಲ್ಲು, ಹಾಳು ಗುಡಿ ಏನಿದೆ ಎಂದು ಊರಿನ ಹಿರಿಯರನ್ನು ಜೊತೆಗೆ ಕರೆದುಕೊಂಡು ನೋಡಬೇಕು. ಯಾವ ಬೇವಿನಗಿಡದ ಕೆಳಗೆ ಯಾವ ಮೂರ್ತಿ ಇದೆ ಎಂದು ನಕಾಶೆಗಿಂತ ಅವರಿಗೆ ಚೆನ್ನಾಗಿ ಗೊತ್ತು. ಇಲ್ಲಿ ಸಿಕ್ಕದ್ದು ಇಲ್ಲಿಯೇ, ಸೇಡಂ ಚಿತ್ತಾಪುರದ ಮಕ್ಕಳು ಸಾಲಿಯಿಂದ ನಡೆದು ಹೋಗಿ ನೋಡುವಷ್ಟು ಹತ್ತಿರದಲ್ಲಿ ಇರಬೇಕು. ಕೋಟೆಯೊಳಗಿನ ಮನೆಗಳನ್ನು ತೆರವು ಮಾಡಲೇಬೇಕಾದ ಕಡೆ ಮೊದಲು ಮನೆ ಕಟ್ಟಿಕೊಟ್ಟು ಆಮೇಲೆ ಕೇಳಬೇಕು, ಮತ್ತು ಆ ಮನೆತನದ ಒಬ್ಬರಿಗಾದರೂ ಅದೇ ಕೋಟೆಯ ಕಾವಲಿನ, ತೋರಿಸುವ ಕೆಲಸ ಸಿಗಬೇಕು. 2013ರಲ್ಲಿ ನಮ್ಮ ಸೀಮೆಗೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ ನಮ್ಮ ಹುಡುಗರು ಡಾಕ್ಟರು, ಇಂಜಿನಿಯರು, ಅಧಿಕಾರಿಗಳಾಗುತ್ತಿದ್ದಾರೆ. ಅವರಲ್ಲಿ ನಾಲ್ಕು ಜನ ಶಾಸನ ಓದುವವರೂ ಆಗಲಿ. ನಾಗಾವಿಯಲ್ಲಿ ಆರು ಜನ ಪುಸ್ತಕ ಕಾಯುತ್ತಿದ್ದ ನಾಡಿಗೆ ಇದು ಹೆಚ್ಚಿನ ಬೇಡಿಕೆ ಅಲ್ಲ.

ಮುತ್ಯಾ ತೀರಿ ಬಹಳ ವರ್ಷವಾಯಿತು, ಅಪ್ಪನೂ ಇಲ್ಲ. ಒಬ್ಬ ಬಿದ್ದ ಕಲ್ಲನ್ನು ಎತ್ತಿ ಗೋಡೆಗೆ ಸೇರಿಸಿದ ವಂಶದವನು, ಇನ್ನೊಬ್ಬ ನೆಲದ ಕಲ್ಲನ್ನು ಎಬ್ಬಿಸಿ ನಮ್ಮನ್ನು ಸಾಕಿದವನು. ಇಬ್ಬರಿಗೂ ಓದಲು ಬರುತ್ತಿರಲಿಲ್ಲ, ಇಬ್ಬರೂ ಕಲ್ಲಿಗೆ ಮರ್ಯಾದೆ ಕೊಟ್ಟರು. ಆ ಮರ್ಯಾದೆಯನ್ನು ಈಗ ಸರಕಾರ, ಕಾರ್ಖಾನೆ, ಓದಿದ ನಾವು ಕಲಿಯಬೇಕಾಗಿದೆ. ನೃಪತುಂಗನ ಹೆಸರಿನ ಮೇಲೆ ನಮಗೆ ಪ್ರೀತಿ ಇದ್ದರೆ ಅದು ಅವನ ಊರಿನಲ್ಲಿ ಇವತ್ತು ಬದುಕುತ್ತಿರುವವರ ಮೇಲಿನ ಪ್ರೀತಿಯಾಗಿಯೂ ಕಾಣಿಸಬೇಕು. ತನ್ನ ಜನರಿಗಾಗಿ ಬೆರಳು ಕೊಟ್ಟನೆಂದು ಹೆಸರಾದ ದೊರೆಯ ರಾಜಧಾನಿಯಲ್ಲಿ ಜನರನ್ನು ಬಿಟ್ಟು ಕಲ್ಲನ್ನಷ್ಟೇ ಕಾಪಾಡಿದರೆ ನಾವು ಅವನ ಚರಿತ್ರೆಯನ್ನು ಕಾಪಾಡಿದಂತೆ ಆಗುವುದಿಲ್ಲ.